ಹಳೆಯ ಬೆಂಜ್ ಕಾರಿನ ಪವರ್ ವಿಂಡೋ ಏರುತ್ತಿಲ್ಲ: ಮೋಟಾರ್ ಬದಲಿಸುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ 1983ರ ಮರ್ಸಿಡಿಸ್ ಬೆಂಜ್ 240ಡಿ ಇದೆ. ದೊಡ್ಡಪ್ಪ ದೆಹಲಿಯಲ್ಲಿದ್ದಾಗ ಕೊಂಡದ್ದು, ಈಗ ಮೈಸೂರಿನಲ್ಲಿದೆ. ನಾಲ್ಕೂ ಬಾಗಿಲಿಗೆ ಪವರ್ ವಿಂಡೋ. ಎರಡು ಚೆನ್ನಾಗಿವೆ, ಎರಡು ಕಾಟ ಕೊಡುತ್ತಿವೆ. ಡ್ರೈವರ್ ಕಡೆಯ ಗ್ಲಾಸ್ ಸಲೀಸಾಗಿ ಇಳಿಯುತ್ತದೆ, ಏರುವಾಗ ತುಂಬಾ ನಿಧಾನ. ಬಿಸಿಲಲ್ಲಿ ನಿಲ್ಲಿಸಿದ್ದರೆ ಅರ್ಧಕ್ಕೇ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಏರುತ್ತದೆ. ಹಿಂದಿನ ಎಡಗಡೆಯದು ಬೇರೆ ತರಹ. ಮುಂದಿನ ಸ್ವಿಚ್ ಒತ್ತಿದರೂ ಹಿಂದಿನ ಬಾಗಿಲ ಸ್ವಿಚ್ ಒತ್ತಿದರೂ ಇಳಿಯುತ್ತದೆ. ಎರಡರಿಂದಲೂ ಏರುವುದಿಲ್ಲ, ಸದ್ದೇ ಬರುವುದಿಲ್ಲ. ಗ್ಯಾರೇಜಿನವರು ಡೋರ್ ಪ್ಯಾಡ್ (ಬಾಗಿಲಿನ ಒಳಹಲಗೆ) ಬಿಚ್ಚಿ, ಮೋಟಾರಿನ ವೈರ್ ಅದಲು ಬದಲು ಮಾಡಿ ಗ್ಲಾಸ್ ಏರಿಸಿ, ಮತ್ತೆ ಮೊದಲಿನಂತೆ ಜೋಡಿಸಿ ಕೊಟ್ಟಿದ್ದಾರೆ. ಎರಡೂ ಮೋಟಾರ್ ಹೋಗಿವೆ, ಒರಿಜಿನಲ್ ಸಿಗುವುದಿಲ್ಲ, ನಾಲ್ಕೂ ಬಾಗಿಲಿಗೆ ಯಾವ ಕಾರಿಗಾದರೂ ಹಾಕುವ ಯೂನಿವರ್ಸಲ್ ಕಿಟ್ ಹಾಕಿಸಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಕಿಟ್ ಹಾಕಿಸಬೇಡಿ. ಮೋಟಾರನ್ನೂ ಈಗಲೇ ಬದಲಿಸಬೇಡಿ.

ಹಿಂದಿನ ಮೋಟಾರ್ ಸರಿಯಿದೆ ಅನ್ನುವುದಕ್ಕೆ ನಿಮ್ಮ ಪ್ರಶ್ನೆಯಲ್ಲೇ ಸಾಕ್ಷಿ ಇದೆ. ವೈರ್ ಅದಲು ಬದಲು ಮಾಡಿದಾಗ ಗ್ಲಾಸ್ ಏರಿತು ಅಂದಿರಿ. ಅಂದರೆ ಆ ಮೋಟಾರ್ ಎರಡೂ ದಿಕ್ಕಿಗೆ ತಿರುಗುತ್ತದೆ. ಗ್ಲಾಸ್ ಎತ್ತುವಷ್ಟು ಬಲವೂ ಅದಕ್ಕಿದೆ. ಗ್ಲಾಸ್ ಎತ್ತುವ ಮಷೀನೂ ಸರಿಯಿದೆ. ಗ್ಯಾರೇಜಿನವರು ತಮಗೆ ಗೊತ್ತಿಲ್ಲದೆಯೇ ಒಳ್ಳೆಯ ಪರೀಕ್ಷೆ ಮಾಡಿದ್ದಾರೆ, ಅದರ ಉತ್ತರವನ್ನು ಮಾತ್ರ ಓದಿಲ್ಲ.

ನಿಮ್ಮದು ಡಬ್ಲ್ಯು123 ಸರಣಿಯ ಕಾರು. 1976ರಿಂದ 1986ರವರೆಗೆ ಸುಮಾರು 27 ಲಕ್ಷ ತಯಾರಾದವು. ಪವರ್ ವಿಂಡೋ ಎಲ್ಲ ಕಾರಿಗೂ ಇರಲಿಲ್ಲ. ಹಿಡಿಕೆ ತಿರುಗಿಸಿ ಗ್ಲಾಸ್ ಏರಿಸುವವೇ ತುಂಬಾ ಇದ್ದವು. ಇದ್ದವುಗಳಲ್ಲೂ ವ್ಯವಸ್ಥೆ ಸರಳ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬ್ಯಾಟರಿ, ಫ್ಯೂಸ್, ಸ್ವಿಚ್, ವೈರ್, ಮೋಟಾರ್, ಅಷ್ಟೇ. ಎಲ್ಲವನ್ನೂ ಒಂದು ಮಲ್ಟಿಮೀಟರ್ ಮತ್ತು ಒಂದು ಬಲ್ಬ್ ಇಟ್ಟುಕೊಂಡು ಹುಡುಕಬಹುದು. ಹೀಗಿರುವಾಗ ಊಹೆಯ ಮೇಲೆ ಮೋಟಾರ್ ಕೊಳ್ಳುವುದು ಬೇಡ.

ಈ ಮೋಟಾರಿಗೆ ಎರಡೇ ವೈರ್. ಹೆಡ್‌ಲೈಟಿಗೆ ಇರುವ ಹಾಗೆ ಶಾಶ್ವತವಾದ ಅರ್ತ್ (ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ವಾಪಸ್ ಹೋಗುವ ದಾರಿ) ಇದಕ್ಕಿಲ್ಲ. ಸ್ವಿಚ್ ಮುಟ್ಟದೇ ಇದ್ದಾಗ ಎರಡೂ ವೈರ್ ಸ್ವಿಚ್ಚಿನ ಮೂಲಕವೇ ಅರ್ತ್‌ಗೆ ಸೇರಿರುತ್ತವೆ. ಏರಿಸಲು ಒತ್ತಿದರೆ ಒಂದು ವೈರ್ ಅರ್ತ್ ಬಿಟ್ಟು 12 ವೋಲ್ಟ್‌ಗೆ ಸೇರುತ್ತದೆ, ಇನ್ನೊಂದು ಅರ್ತ್‌ನಲ್ಲೇ ಉಳಿಯುತ್ತದೆ. ಇಳಿಸಲು ಒತ್ತಿದರೆ ಇದು ಉಲ್ಟಾ. ಅಂದರೆ ಸ್ವಿಚ್ಚಿನಲ್ಲಿ ನೀವು ಒತ್ತದೇ ಇರುವ ಪಾಯಿಂಟ್ (ಒಂದಕ್ಕೊಂದು ತಾಗಿ ಕರೆಂಟ್ ಹಾಯಿಸುವ ಲೋಹದ ತುಣುಕು) ಕೂಡ ಕೆಲಸ ಮಾಡುತ್ತಿರುತ್ತದೆ. ಕರೆಂಟ್ ವಾಪಸ್ ಹೋಗುವುದು ಅದರ ಮೂಲಕವೇ. ಪವರ್ ವಿಂಡೋ ರಿಪೇರಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಟೆಸ್ಟರ್ ಇಟ್ಟು ನೋಡುತ್ತಾರೆ, ಮೋಟಾರಿನವರೆಗೆ 12 ವೋಲ್ಟ್ ಬಂದಿದೆ. ಮೋಟಾರ್ ತಿರುಗುತ್ತಿಲ್ಲ, ಹಾಗಾದರೆ ಮೋಟಾರ್ ಹೋಗಿದೆ ಅನ್ನುತ್ತಾರೆ. ವಾಪಸ್ ದಾರಿ ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ.

ಹಿಂದಿನ ಬಾಗಿಲುಗಳಿಗೆ ಎರಡೆರಡು ಸ್ವಿಚ್ ಇವೆ, ಮುಂದಿನ ಎರಡು ಸೀಟುಗಳ ನಡುವಿನ ಕನ್ಸೋಲ್‌ನಲ್ಲಿ ಒಂದು, ಬಾಗಿಲಲ್ಲಿ ಒಂದು. ಈ ತರಹದ ವೈರಿಂಗ್‌ನಲ್ಲಿ ಹಿಂದಿನ ಸ್ವಿಚ್ಚಿಗೆ ತನ್ನದೇ ಅರ್ತ್ ಇರುವುದಿಲ್ಲ. ಮೋಟಾರಿನ ಎರಡೂ ವೈರ್ ಹಿಂದಿನ ಸ್ವಿಚ್ಚಿನೊಳಗೆ ಹಾದು, ಮುಂದಿನ ಸ್ವಿಚ್ಚಿಗೆ ಹೋಗಿ, ಅಲ್ಲಿ ಅರ್ತ್ ಆಗುತ್ತವೆ. ಒಂದನ್ನು ಏರುವ ವೈರ್ ಅನ್ನೋಣ, ಇನ್ನೊಂದನ್ನು ಇಳಿಯುವ ವೈರ್ ಅನ್ನೋಣ. ಏರಿಸಲು ಒತ್ತಿದಾಗ ಕರೆಂಟ್ ಏರುವ ವೈರಿನಲ್ಲಿ ಬರುತ್ತದೆ, ಇಳಿಯುವ ವೈರಿನಲ್ಲಿ ವಾಪಸ್ ಹೋಗುತ್ತದೆ.

ಈಗ ನಿಮ್ಮ ಲಕ್ಷಣ ನೋಡಿ. ಮುಂದಿನಿಂದ ಇಳಿಸಿದರೆ ಇಳಿಯುತ್ತದೆ. ಹಾಗಾದರೆ ಎರಡೂ ವೈರ್ ತುಂಡಾಗಿಲ್ಲ, ಹಿಂದಿನ ಸ್ವಿಚ್ಚಿನೊಳಗೆ ಹಾದುಹೋಗುವ ದಾರಿಯೂ ಸರಿಯಿದೆ. ಹಿಂದಿನಿಂದಲೂ ಇಳಿಯುತ್ತದೆ. ಹಾಗಾದರೆ ಹಿಂದಿನ ಸ್ವಿಚ್ಚಿಗೆ ಕರೆಂಟ್ ಬರುತ್ತಿದೆ, ಕನ್ಸೋಲ್‌ನಲ್ಲಿರುವ ಹಿಂದಿನ ಕಿಟಕಿ ಲಾಕ್ ಮಾಡುವ ಸ್ವಿಚ್ ಕೂಡ ಸರಿಯಿದೆ. ಏರಿಸುವಾಗ ಮಾತ್ರ ಎರಡೂ ಕಡೆಯಿಂದ ಸೋಲು. ಎರಡೂ ಸ್ವಿಚ್‌ಗಳಿಗೆ ಏರಿಸುವಾಗ ಬೇಕಾಗುವ, ಇಳಿಸುವಾಗ ಬೇಡವಾದ ಜಾಗ ಒಂದೇ ಒಂದು. ಮುಂದಿನ ಸ್ವಿಚ್ಚಿನೊಳಗೆ ಇಳಿಯುವ ವೈರನ್ನು ಅರ್ತ್‌ಗೆ ಸೇರಿಸುವ ಪಾಯಿಂಟ್. ಅದು ಕಪ್ಪಾಗಿದೆ ಅಥವಾ ಸುಟ್ಟಿದೆ. ಎರಡು ಬೇರೆ ಬೇರೆ ಪಾಯಿಂಟ್ ಒಟ್ಟಿಗೇ ಹೋಗಿರುವ ಸಾಧ್ಯತೆ ಇದೆ, ಆದರೆ ಕಡಿಮೆ.

ಹಿಂದಿನ ಸ್ವಿಚ್ ಒತ್ತಿದಾಗ ಕೆಲಸ ಆಗದಿದ್ದರೂ ತಪ್ಪು ಮುಂದಿನ ಸ್ವಿಚ್ಚಿನಲ್ಲಿದೆ. ಇದು ನಂಬಲು ಸ್ವಲ್ಪ ಕಷ್ಟ. ಆದ್ದರಿಂದ ಖಚಿತ ಮಾಡಿಕೊಳ್ಳಿ. ಕನ್ಸೋಲ್‌ನಲ್ಲಿ ಹಿಂದಿನ ಎಡಗಡೆಯ ಮತ್ತು ಬಲಗಡೆಯ ಸ್ವಿಚ್ ಎರಡನ್ನೂ ನಿಧಾನಕ್ಕೆ ಮೇಲೆತ್ತಿ ತೆಗೆಯಿರಿ. ಎರಡೂ ಒಂದೇ ತರಹದವಾಗಿದ್ದರೆ ಜಾಗ ಬದಲಿಸಿ ಹಾಕಿ. ತೊಂದರೆ ಬಲಗಡೆಯ ಬಾಗಿಲಿಗೆ ದಾಟಿದರೆ ಕಳ್ಳ ಸಿಕ್ಕಿದ ಹಾಗೆ. ಇದಕ್ಕೆ ಡೋರ್ ಪ್ಯಾಡ್ ಬಿಚ್ಚುವ ಅಗತ್ಯವೇ ಇಲ್ಲ.

ಸ್ವಿಚ್ ತೆಗೆಯುವ ಮುಂಚೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಕನ್ಸೋಲ್‌ನ ಮರದ ಪಟ್ಟಿಗೆ ಸ್ಕ್ರೂಡ್ರೈವರ್ ತಾಗಿ ಗೀರು ಬೀಳದ ಹಾಗೆ ಅಂಚಿಗೆ ಟೇಪ್ ಅಂಟಿಸಿಕೊಳ್ಳಿ. ಯಾವ ವೈರ್ ಎಲ್ಲಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದಿಡಿ.

ಆಮೇಲೆ ಸ್ವಿಚ್ ಬಿಚ್ಚಿ ಶುಚಿ ಮಾಡಿ. ಒಳಗೆ ಪುಟ್ಟ ಸ್ಪ್ರಿಂಗ್‌ಗಳಿವೆ, ಮುಚ್ಚಳ ತೆಗೆದ ಕ್ಷಣ ಹಾರುತ್ತವೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿದರೆ ಒಂದೂ ಕಳೆಯುವುದಿಲ್ಲ. ಹಳೆಯ ಗ್ರೀಸ್ ಗಟ್ಟಿಯಾಗಿ ಕಪ್ಪು ಅಂಟಿನ ಹಾಗೆ ಕೂತಿರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಅದನ್ನು ಪೂರ್ತಿ ತೊಳೆಯಿರಿ. ಪಾಯಿಂಟ್‌ಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಅಥವಾ ಗಟ್ಟಿ ಕಾಗದದ ಪಟ್ಟಿಯಲ್ಲಿ ಉಜ್ಜಿ. ಒರಟು ಉಪ್ಪುಕಾಗದ ಬೇಡವೇ ಬೇಡ. ಅದು ಮೇಲಿನ ಲೇಪ ಕಿತ್ತುಹಾಕುತ್ತದೆ, ಇವತ್ತು ಸರಿಹೋಗಿ ಕೆಲವು ತಿಂಗಳಿಗೆ ಮತ್ತೆ ಕೆಡುತ್ತದೆ. ಮೇಲಿನಿಂದ ಸುಮ್ನೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದೂ ಬೇಡ, ಅದರ ಎಣ್ಣೆ ಧೂಳು ಹಿಡಿಯುತ್ತದೆ. ಪಾಯಿಂಟ್ ಗುಳಿ ಬಿದ್ದು ಸುಟ್ಟಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಕರಗಿದ್ದರೆ ಆ ಸ್ವಿಚ್ಚಿನ ಆಯಸ್ಸು ಮುಗಿದಿದೆ, ಬೇರೆ ಹಾಕಿ. ಮೋಟಾರ್ ಹುಡುಕುವುದಕ್ಕಿಂತ ಇದು ಎಷ್ಟೋ ಸುಲಭ. ಈ ಸರಣಿಯ ಸ್ವಿಚ್ ಹೊಸದೂ ಸಿಗುತ್ತದೆ, ಹಳೆಯದೂ ಸಿಗುತ್ತದೆ.

ಇನ್ನು ಡ್ರೈವರ್ ಕಡೆ. ಇಲ್ಲಿ ತುಸು ತಾಳ್ಮೆ ಬೇಕು, ಯಾಕೆಂದರೆ ಕಾರಣ ಒಂದೇ ಇರುವುದಿಲ್ಲ.

ಅರ್ಧಕ್ಕೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏರುವುದು ಮೋಟಾರಿನೊಳಗಿನ ಥರ್ಮಲ್ ಕಟ್‌ಔಟ್‌ನ ಕೆಲಸ. ಮೋಟಾರಿನ ಮೇಲೆ ಭಾರ ಹೆಚ್ಚಾದರೆ ನಿಧಾನವಾಗುತ್ತದೆ. ನಿಧಾನವಾದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದಾಗ ಕಟ್‌ಔಟ್ ಬಾಗಿ ಸರ್ಕ್ಯೂಟ್ ಬಿಡಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಸೇರಿಸುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಬಾಗಿಲೊಳಗೆ ಮೊದಲೇ ಕಾವು ಇರುವುದರಿಂದ ಬೇಗ ಬಿಡಿಸುತ್ತದೆ. ನಿಮ್ಮ ಮೋಟಾರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಕೇಳಬೇಕಾದ ಪ್ರಶ್ನೆ ಇಷ್ಟೇ, ಅದಕ್ಕೆ ಇಷ್ಟು ಕಷ್ಟ ಯಾಕೆ? ಬರುವ ಕರೆಂಟ್ ಸಾಲದೋ, ಎತ್ತುವ ಭಾರ ಹೆಚ್ಚಾಯಿತೋ?

ಇದನ್ನು ತಿಳಿಯಲು ಡೋರ್ ಪ್ಯಾಡ್ ಬಿಚ್ಚಲೇಬೇಕು. ಬಿಚ್ಚಿ, ಮೋಟಾರಿನ ಕನೆಕ್ಟರ್ ಜೋಡಿಸಿದಂತೆಯೇ ಇಟ್ಟು, ಹಿಂದಿನಿಂದ ಮೀಟರಿನ ಕಡ್ಡಿ ಚುಚ್ಚಿ. ಎಂಜಿನ್ ಸ್ಟಾರ್ಟ್ ಮಾಡಿಡಿ. ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿ, 13.8ರಿಂದ 14.4 ವೋಲ್ಟ್ ಇರಬೇಕು. ಈಗ ಇನ್ನೊಬ್ಬರು ಗ್ಲಾಸ್ ಏರಿಸುತ್ತಿರುವಾಗ ಮೋಟಾರಿನ ಎರಡು ಪಿನ್ ನಡುವೆ ಎಷ್ಟಿದೆ ನೋಡಿ. 12ರ ಮೇಲೆ ಇದ್ದು ಗ್ಲಾಸ್ ಇನ್ನೂ ತೆವಳುತ್ತಿದ್ದರೆ ವೈರಿಂಗ್ ತಪ್ಪಿಲ್ಲ, ತೊಂದರೆ ಗ್ಲಾಸಿನ ದಾರಿಯಲ್ಲಿ ಅಥವಾ ಮೋಟಾರಿನಲ್ಲಿ. 10ಕ್ಕಿಂತ ಕೆಳಗೆ ಇಳಿದರೆ ಮೋಟಾರಿನ ಮೇಲೆ ಅನುಮಾನ ಪಡುವುದೇ ಬೇಡ, ಅದಕ್ಕೆ ಹೊಟ್ಟೆಗೇ ಸಿಗುತ್ತಿಲ್ಲ. ನಡುವೆ ಇದ್ದರೆ ಎರಡೂ ಕಡೆ ಸ್ವಲ್ಪ ಸ್ವಲ್ಪ ತಪ್ಪಿದೆ.

ಕನೆಕ್ಟರ್ ಕಿತ್ತು ಅಳೆದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಮನೆಯ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದ ಮೇಲೆ ತಾನೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು? ವೈರಿಂಗೂ ಹಾಗೇ. ಲೆಕ್ಕ ಸುಲಭ. ಗ್ಲಾಸ್ ಏರುವಾಗ ಮೋಟಾರ್ 8 ಆಂಪ್ ಎಳೆಯುತ್ತಿದೆ ಅಂದುಕೊಳ್ಳಿ. ಕಪ್ಪಾದ ಒಂದು ಪಾಯಿಂಟ್‌ನಲ್ಲಿ 0.3 ಓಮ್ ರೆಸಿಸ್ಟೆನ್ಸ್ ಇದ್ದರೂ 2.4 ವೋಲ್ಟ್ ಅಲ್ಲೇ ಮುಗಿಯಿತು. ಇಂಥವು ಎರಡಿದ್ದರೆ 13.8ರಲ್ಲಿ ಮೋಟಾರಿಗೆ ಉಳಿಯುವುದು 9 ವೋಲ್ಟ್. ಅದೇ ಕನೆಕ್ಟರ್ ಕಿತ್ತು ಅಳೆದರೆ ಮೀಟರ್ 13.8 ಪೂರ್ತಿ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಎಲ್‌ಇಡಿ ಟೆಸ್ಟರೂ ಇದೇ ರೀತಿ ದಾರಿ ತಪ್ಪಿಸುತ್ತದೆ.

ಮೀಟರ್ ಹಿಡಿಯಲು ಬೇಸರವಾದರೆ ಹೆಡ್‌ಲೈಟ್ ಬಲ್ಬ್ ಒಂದನ್ನು ತೆಗೆದುಕೊಳ್ಳಿ. 55 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 4.5 ಆಂಪ್ ಎಳೆಯುತ್ತದೆ. ಮೋಟಾರಿನ ಕನೆಕ್ಟರ್ ಬಿಡಿಸಿ, ಅದರ ಎರಡು ವೈರಿಗೆ ಬಲ್ಬ್ ಸೇರಿಸಿ ಸ್ವಿಚ್ ಒತ್ತಿ. ಏರುವ ದಿಕ್ಕಿಗೂ ಇಳಿಯುವ ದಿಕ್ಕಿಗೂ ಒಂದೇ ತರಹ ಬೆಳ್ಳಗೆ ಉರಿಯಬೇಕು. ಒಂದು ಕಡೆಗೆ ಹಳದಿಯಾಗಿ ಮಂಕಾದರೆ ಆ ದಿಕ್ಕಿನ ಪಾಯಿಂಟ್ ಹೋಗಿದೆ. ಎರಡೂ ಕಡೆ ಮಂಕಾದರೆ ಫ್ಯೂಸ್ ಅಥವಾ ವೈರ್ ನೋಡಿ. ಬಲ್ಬ್ ಕೈ ಸುಡುತ್ತದೆ, ಸೀಟಿನ ಮೇಲಾಗಲಿ ಕಾರ್ಪೆಟ್ ಮೇಲಾಗಲಿ ಇಡಬೇಡಿ.

ವೋಲ್ಟೇಜ್ ಕಡಿಮೆ ಬಂದರೆ ಎಲ್ಲಿ ಹೋಗುತ್ತಿದೆ ಅಂತ ಹೆಜ್ಜೆ ಹೆಜ್ಜೆಯಾಗಿ ಹುಡುಕಿ. ಮೀಟರಿನ ಒಂದು ಕಡ್ಡಿ ಫ್ಯೂಸಿನ ಈ ತುದಿಗೆ, ಇನ್ನೊಂದು ಆ ತುದಿಗೆ, ಗ್ಲಾಸ್ ಏರುತ್ತಿರುವಾಗಲೇ. ಸೊನ್ನೆಗೆ ತೀರಾ ಹತ್ತಿರ ಇರಬೇಕು. ಆಮೇಲೆ ಸ್ವಿಚ್ಚಿಗೆ ಬರುವ ವೈರ್ ಮತ್ತು ಹೋಗುವ ವೈರ್ ನಡುವೆ. ಆಮೇಲೆ ಸ್ವಿಚ್ಚಿನ ಅರ್ತ್ ವೈರ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ. ಎಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಕಾಣುತ್ತದೋ ಅಲ್ಲಿ ಕೈ ಹಾಕಿ.

ಈ ಸರಣಿಯ ಕಾರಿನಲ್ಲಿ ಫ್ಯೂಸ್ ಬಗ್ಗೆ ವಿಶೇಷ ಗಮನ ಬೇಕು. ಈಗಿನ ಹಾಗೆ ಚಪ್ಪಟೆ ಬ್ಲೇಡ್ ಫ್ಯೂಸ್ ಅಲ್ಲ. ಎರಡು ತುದಿ ಚೂಪಾದ ಪುಟ್ಟ ಕಡ್ಡಿ, ಅದರ ಮೇಲೆ ಲೋಹದ ಪಟ್ಟಿ. ಬಿಳಿ ಬಣ್ಣದ್ದು 8 ಆಂಪ್, ಕೆಂಪು 16, ನೀಲಿ 25. ಇದು ಸ್ಪ್ರಿಂಗಿನಂಥ ಎರಡು ಕಿವಿಗಳ ನಡುವೆ ತುದಿಯಲ್ಲಷ್ಟೇ ಕಚ್ಚಿಕೊಂಡಿರುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಫ್ಯೂಸ್ ಆದರೆ ತುದಿಯಲ್ಲಿ ಬೂದಿ ಬಣ್ಣದ ಪೊರೆ ಕಟ್ಟುತ್ತದೆ. ಕಣ್ಣಿಗೆ ಫ್ಯೂಸ್ ಚೆನ್ನಾಗಿದೆ, ತುಂಡಾಗಿಲ್ಲ, ಆದರೆ ಕರೆಂಟ್ ಪೂರ್ತಿ ಹಾಯುವುದಿಲ್ಲ. ಬೆರಳಲ್ಲಿ ಒಂದೆರಡು ಸುತ್ತು ತಿರುಗಿಸಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಶಾಶ್ವತ ಪರಿಹಾರ ಅಂದರೆ ಕಿವಿಗಳನ್ನು ಶುಚಿ ಮಾಡಿ, ಸ್ವಲ್ಪ ಒಳಕ್ಕೆ ಬಗ್ಗಿಸಿ ಬಿಗಿ ಮಾಡಿ, ತಾಮ್ರದ ಪಟ್ಟಿಯ ಫ್ಯೂಸ್ ಹಾಕುವುದು. ಇಡೀ ಪೆಟ್ಟಿಗೆಯ ಫ್ಯೂಸ್‌ಗಳನ್ನು ಒಮ್ಮೆಲೇ ಬದಲಿಸಿದರೆ ಇನ್ನೂ ಒಳ್ಳೆಯದು. ವೈಪರ್, ಹೀಟರ್ ಫ್ಯಾನ್, ಹಾರ್ನ್‌ಗಳ ಎಷ್ಟೋ ಕಾಟ ಜೊತೆಯಲ್ಲೇ ಹೋಗುತ್ತದೆ. ಆಂಪ್ ಮಾತ್ರ ಜಾಸ್ತಿ ಮಾಡಬೇಡಿ. 40 ವರ್ಷದ ವೈರಿಗೆ ದೊಡ್ಡ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ವೈರೇ.

ನಿಮ್ಮ ಇನ್ನೆರಡು ಕಿಟಕಿ ಚೆನ್ನಾಗಿರುವುದರಿಂದ ಫ್ಯೂಸಿಗಿಂತ ಡ್ರೈವರ್ ಬಾಗಿಲಿನ ಕೀಲಿನ ಕಡೆ ನನಗೆ ಅನುಮಾನ ಜಾಸ್ತಿ. ಬಾಡಿಯಿಂದ ಬಾಗಿಲಿಗೆ ವೈರ್ ದಾಟುವ ಜಾಗವದು. ಕಾರಿನಲ್ಲಿ ಅತಿ ಹೆಚ್ಚು ಸಲ ತೆರೆದು ಮುಚ್ಚುವುದು ಅದೇ ಬಾಗಿಲು. ವೈರಿನ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ, ಹೊರಗಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ. ರಬ್ಬರ್ ತೋಳು ಸರಿಸಿ ಒಂದೊಂದೇ ವೈರನ್ನು ಮೆತ್ತಗೆ ಎಳೆದು ನೋಡಿ. ಎಲ್ಲಿ ಎಳೆದರೆ ಹಿಗ್ಗುತ್ತದೋ ಅಲ್ಲಿ ತಾಮ್ರ ತುಂಡಾಗಿದೆ. ಬಲ್ಬ್ ಉರಿಸಿಕೊಂಡು ಬಾಗಿಲನ್ನು ನಿಧಾನಕ್ಕೆ ತೆರೆದು ಮುಚ್ಚಿದರೂ ಗೊತ್ತಾಗುತ್ತದೆ, ಮಿಣುಕಿದರೆ ತಪ್ಪು ಅಲ್ಲೇ. ರಿಪೇರಿ ಮಾಡುವಾಗ ಮುರಿದ ಜಾಗದಲ್ಲೇ ತಿರುಚಿ ಟೇಪ್ ಸುತ್ತಬೇಡಿ, ಅದು ಬಾಗುವ ಜಾಗ, ಮತ್ತೆ ಮುರಿಯುತ್ತದೆ. ಎರಡೂ ಕಡೆ ಒಂದಿಷ್ಟು ಉದ್ದ ಕತ್ತರಿಸಿ, ಅದೇ ದಪ್ಪದ, ತೆಳು ಎಳೆಗಳ ಮೆತ್ತನೆಯ ವೈರ್ ಸೇರಿಸಿ. ಜಾಯಿಂಟ್ ಒಂದು ಬಾಡಿಯೊಳಗೆ, ಇನ್ನೊಂದು ಬಾಗಿಲೊಳಗೆ ಬರಲಿ.

ವೋಲ್ಟೇಜ್ ಚೆನ್ನಾಗಿದ್ದರೆ ಗ್ಲಾಸಿನ ದಾರಿಗೆ ಬನ್ನಿ. ನಮ್ಮ ಬಿಸಿಲು, ಧೂಳಿನಲ್ಲಿ ಓಡಿದ ಹಳೆಯ ಕಾರುಗಳಲ್ಲಿ ನಿಧಾನವಾದ ಕಿಟಕಿಗೆ ಮುಖ್ಯ ಕಾರಣ ಗ್ಲಾಸ್ ಜಾರುವ ರಬ್ಬರ್ ಬೀಡಿಂಗ್ ಅಂತಲೇ ನನ್ನ ಅಭಿಪ್ರಾಯ. ಅದರೊಳಗೆ ಮಖಮಲ್ಲಿನ ಹಾಗೆ ನವಿರಾದ ಪದರ ಇರುತ್ತದೆ. ಅದು ಸವೆದರೆ ಗ್ಲಾಸ್ ಬರಿ ರಬ್ಬರಿಗೆ ಉಜ್ಜುತ್ತದೆ. ರಬ್ಬರ್ ಒಣಗಿ ಗಟ್ಟಿಯಾಗಿ ಗ್ಲಾಸನ್ನು ಕಚ್ಚುತ್ತದೆ. ಇಳಿಯುವಾಗ ಗ್ಲಾಸಿನ ತೂಕವೇ ಸಹಾಯ ಮಾಡುವುದರಿಂದ ತೊಂದರೆ ಕಾಣುವುದಿಲ್ಲ, ಏರುವಾಗ ತೂಕ ಮತ್ತು ಉಜ್ಜುವಿಕೆ ಎರಡೂ ಮೋಟಾರಿನ ತಲೆ ಮೇಲೆ. ನೀವು ಹೇಳಿದ್ದೂ ಇದನ್ನೇ, ಅಲ್ವಾ?

ಇನ್ನೊಂದು ವಿಷಯ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗ್ಲಾಸಿಗೆ ಕಪ್ಪು ಫಿಲ್ಮ್ ಬೇಡ ಎಂದ ಮೇಲೆ ತುಂಬಾ ಜನ ಫಿಲ್ಮ್ ಕಿತ್ತರು. ಕಣ್ಣಿಗೆ ಕಾಣುವ ಕಡೆ ಅಂಟು ತೊಳೆದರು. ಬೀಡಿಂಗ್ ಒಳಗೆ ಕೂರುವ ಅಂಚಿನಲ್ಲಿ ಅಂಟು ಉಳಿದೇ ಇತ್ತು. ಅದಕ್ಕೆ ಧೂಳು ಮೆತ್ತಿಕೊಂಡು ಗಟ್ಟಿಯಾದರೆ ಗ್ಲಾಸ್ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕಾರಿಗೆ ಹಿಂದೆ ಫಿಲ್ಮ್ ಇತ್ತೇ ನೆನಪಿಸಿಕೊಳ್ಳಿ. ಗ್ಲಾಸ್ ಪೂರ್ತಿ ಇಳಿಸಿ, ಏರಿಸುತ್ತಾ ಎರಡೂ ಅಂಚಿನ ಮೇಲೆ ಉಗುರು ಆಡಿಸಿದರೆ ತಿಳಿಯುತ್ತದೆ.

ಪರೀಕ್ಷೆ ಹೀಗೆ. ಗ್ಲಾಸನ್ನು ಮಷೀನಿನಿಂದ ಬಿಡಿಸಿ, ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ಎರಡು ಅಂಗೈಯ ಬಲಕ್ಕೆ ಸರಾಗವಾಗಿ ಬರಬೇಕು. ಮೈಯೆಲ್ಲ ಬಲ ಹಾಕಬೇಕಾದರೆ ಯಾವ ಹೊಸ ಮೋಟಾರ್ ಹಾಕಿದರೂ ಅದು ಬೇಗ ಸಾಯುತ್ತದೆ. ಆಮೇಲೆ ಗ್ಲಾಸನ್ನು ಮೇಲಕ್ಕೆ ಎತ್ತಿ, ಬಾಗಿಲ ಚೌಕಟ್ಟಿಗೆ ಅಗಲವಾದ ಟೇಪ್ ಹಾಕಿ ಭದ್ರ ಮಾಡಿ, ಮಷೀನ್ ಒಂದನ್ನೇ ಓಡಿಸಿ ನೋಡಿ. ಭಾರವಿಲ್ಲದೆ ಚುರುಕಾಗಿ ಓಡಿದರೆ ಮೋಟಾರ್ ಬಹುಮಟ್ಟಿಗೆ ನಿರಪರಾಧಿ.

ಬೀಡಿಂಗ್ ಇನ್ನೂ ಮೆತ್ತಗಿದ್ದರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಚಪ್ಪಟೆ ಕಡ್ಡಿಗೆ ಸುತ್ತಿ ಒಳಗಿನ ಕೊಳೆ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹಾಕಿ. ಎಂಜಿನ್ ಆಯಿಲ್, ಗ್ರೀಸ್, ತೆಂಗಿನ ಎಣ್ಣೆ ಯಾವುದೂ ಬೇಡ. ಎಂಜಿನ್ ಆಯಿಲ್ ಮತ್ತು ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತದೆ, ಯಾವ ಎಣ್ಣೆಯಾದರೂ ಧೂಳು ಹಿಡಿಯುತ್ತದೆ. ಬೀಡಿಂಗ್ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಇಲ್ಲಿ ದಯವಿಟ್ಟು ಜುಗ್ಗತನ ಮಾಡಬೇಡಿ. ಮೀಟರ್ ಲೆಕ್ಕದಲ್ಲಿ ಸಿಗುವ ಬೇರೆ ಕಾರಿನ ಬೀಡಿಂಗ್ ಸ್ವಲ್ಪ ದಪ್ಪ ಇದ್ದರೂ ಗ್ಲಾಸನ್ನು ಹಿಡಿದುಬಿಡುತ್ತದೆ. ನಿಮ್ಮ ಮಾದರಿಗೆಂದೇ ಮಾಡಿದ್ದನ್ನು ತರಿಸಿ.

ಮಷೀನಿನ ಹಲ್ಲಿನ ಚಕ್ರ, ಕೀಲು, ಜಾರುವ ಪಟ್ಟಿಗಳ ಹಳೆಯ ಗ್ರೀಸ್ ಒರೆಸಿ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಇದನ್ನು ಗ್ಲಾಸಿಗೆ ತಾಗಿಸಬೇಡಿ.

ಮೋಟಾರನ್ನು ಮಷೀನಿನಿಂದ ಬಿಚ್ಚುವ ಮುಂಚೆ ಇದನ್ನು ಓದಿ. ಆ ಕಾಲದ ಎಷ್ಟೋ ಮಷೀನ್‌ಗಳಲ್ಲಿ ಗ್ಲಾಸಿನ ತೂಕ ಸಮ ಮಾಡಲು ಸುರುಳಿ ಸ್ಪ್ರಿಂಗ್ ಇರುತ್ತದೆ. ಅದು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಮೋಟಾರಿನ ಗೇರ್. ಮೋಟಾರ್ ಕಳಚಿದ ಕ್ಷಣ ಹಲ್ಲಿನ ಪಟ್ಟಿ ಜೋರಾಗಿ ತಿರುಗುತ್ತದೆ, ನಡುವೆ ಬೆರಳಿದ್ದರೆ ತುಂಡಾಗಬಹುದು. ಸ್ಪ್ರಿಂಗ್ ಕಂಡರೆ ಹಲ್ಲಿನ ಪಟ್ಟಿಯನ್ನು ಅದರ ಚೌಕಟ್ಟಿಗೆ ಕ್ಲಾಂಪ್ ಅಥವಾ ಬೋಲ್ಟ್ ಹಾಕಿ ಬಿಗಿದ ಮೇಲೆಯೇ ಮೋಟಾರಿಗೆ ಕೈ ಹಾಕಿ. ಕೆಲಸ ನಡೆಯುವಾಗ ಮಕ್ಕಳನ್ನು ಕಾರಿನ ಹತ್ತಿರ ಬಿಡಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಕೈ ಸಿಕ್ಕಿದರೆ ಗ್ಲಾಸ್ ತಾನೇ ವಾಪಸ್ ಇಳಿಯುವ ಏರ್ಪಾಡು ಇದೆ, ಇದರಲ್ಲಿ ಇಲ್ಲ.

ಎಲ್ಲ ನೋಡಿದ ಮೇಲೂ ಮೋಟಾರೇ ಸುಸ್ತಾಗಿದೆ ಅನ್ನಿಸಿದರೆ ಅದನ್ನು ಬಿಚ್ಚಿ ಸರಿ ಮಾಡಬಹುದು. ಬಾಗಿಲಿಗೆ ಹೊರಗಿನಿಂದ ತಟ್ಟಿದಾಗ ಓಡುವ ಮೋಟಾರ್ ಆದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಸಿಕ್ಕಿಕೊಂಡಿದೆ. ಒಳಗೆ ಕಾರ್ಬನ್ ಪುಡಿ ತುಂಬಿರುತ್ತದೆ, ಅದನ್ನು ಶುಚಿ ಮಾಡಿ, ಬ್ರಷ್ ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರನ್ನು ಒರೆಸಿ, ಗೇರ್ ಕಡೆಯ ಒಣಗಿದ ಗ್ರೀಸ್ ಬದಲಿಸಿದರೆ ತುಂಬಾ ಮೋಟಾರ್‌ಗಳು ಮತ್ತೆ ಗೆಲುವಾಗುತ್ತವೆ. ಸ್ಟಾರ್ಟರ್, ಡೈನಮೋ ರಿಪೇರಿ ಮಾಡುವ ಹಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ದಿನನಿತ್ಯದ ಕೆಲಸ, ಅಳತೆಗೆ ಸರಿಯಾಗಿ ಬ್ರಷ್ ಉಜ್ಜಿ ಕೂರಿಸಿಕೊಡುತ್ತಾರೆ. ಮೈಸೂರಿನಲ್ಲೂ ಅಂಥವರು ಇದ್ದಾರೆ, ವಿಚಾರಿಸಿ. ಮೋಟಾರಿನ ಮೈಗೆ ಸುತ್ತಿಗೆ ಪೆಟ್ಟು ಮಾತ್ರ ಬೇಡ, ಒಳಗಿನ ಮ್ಯಾಗ್ನೆಟ್ ಸೀಳುತ್ತದೆ.

ಹಳೆಯ ಮೋಟಾರ್ ಕೊಳ್ಳಲೇಬೇಕಾಗಿ ಬಂದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ವಿಚಾರಿಸಬಹುದು. ನಿಮ್ಮದನ್ನು ಜೊತೆಗೆ ಒಯ್ಯಿರಿ, ಎಡ ಮತ್ತು ಬಲದ ಮೋಟಾರ್ ಬೇರೆ ಬೇರೆ ಇರಬಹುದು. ಅಂಗಡಿಯಲ್ಲೇ ಬ್ಯಾಟರಿ ಕೊಟ್ಟು ಎರಡೂ ದಿಕ್ಕಿಗೆ ಓಡಿಸಿ ನೋಡಿ. ಎರಡೂ ದಿಕ್ಕಿನ ವೇಗ ಹೆಚ್ಚುಕಡಿಮೆ ಒಂದೇ ಇರಬೇಕು.

ಯೂನಿವರ್ಸಲ್ ಕಿಟ್ ಯಾಕೆ ಬೇಡ ಅಂದೆ ಅಂದರೆ, ಅದನ್ನು ಕೂರಿಸಲು ಬಾಗಿಲಿನ ಒಳ ತಗಡಿಗೆ ಹೊಸ ತೂತು ಕೊರೆಯುತ್ತಾರೆ, ಒರಿಜಿನಲ್ ಮಷೀನ್ ಕಿತ್ತು ಬಿಸಾಡುತ್ತಾರೆ. ಆಮೇಲೆ ವಾಪಸ್ ದಾರಿಯಿಲ್ಲ. ಸಣ್ಣ, ಹಗುರ ಗ್ಲಾಸಿಗೆ ಲೆಕ್ಕ ಹಾಕಿ ಮಾಡಿದ ಕಿಟ್ ಈ ಕಾರಿನ ದೊಡ್ಡ, ಭಾರದ ಗ್ಲಾಸನ್ನು ಎತ್ತುವಾಗ ಏದುಸಿರು ಬಿಡುತ್ತದೆ. ನಿಮ್ಮ ಬೀಡಿಂಗ್ ಒಣಗಿದ್ದರೆ ಅದೂ ಅರ್ಧಕ್ಕೆ ನಿಲ್ಲುತ್ತದೆ. ದೊಡ್ಡಪ್ಪನ ಕಾರನ್ನು ಇಷ್ಟು ವರ್ಷ ಇಟ್ಟುಕೊಂಡು ಬಂದಿದ್ದೀರಿ, ಬಾಗಿಲಿಗೆ ಸುಮ್ನೆ ತೂತು ಹೊಡೆಸಬೇಡಿ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಸೇರಿಸಿ ಬಿಡಿಸುವ ಸ್ವಿಚ್) ಹಾಕಿಸುವ ಸಲಹೆಯೂ ನಿಮಗೆ ಬರಬಹುದು. ಅದು ಕೆಟ್ಟ ಸಲಹೆ ಅಲ್ಲ. ಒಂದು ಕಿಟಕಿಗೆ ಐದು ಪಿನ್ನಿನ ಎರಡು ರಿಲೇ ಬೇಕು. ಎರಡು ರಿಲೇಗಳ 30ನೇ ಪಿನ್ ಮೋಟಾರಿನ ಒಂದೊಂದು ವೈರಿಗೆ, 87ಎ ಅರ್ತ್‌ಗೆ, 87 ಫ್ಯೂಸ್ ಮೂಲಕ ಬ್ಯಾಟರಿಗೆ. ಸ್ವಿಚ್ ಬರಿ ರಿಲೇಯ ಸುರುಳಿಗೆ ಕರೆಂಟ್ ಕೊಡುತ್ತದೆ, ಪಾಯಿಂಟ್ ಸುಡುವುದಿಲ್ಲ. ಆದರೆ ಒಣಗಿದ ಬೀಡಿಂಗ್ ಹಾಗೇ ಬಿಟ್ಟು ರಿಲೇ ಹಾಕಿದರೆ ಮೋಟಾರಿಗೆ ಇನ್ನಷ್ಟು ಕರೆಂಟ್ ತುರುಕಿದಂತಾಗುತ್ತದೆ, ಬಿಸಿ ಇನ್ನೂ ಜಾಸ್ತಿ. ಮೊದಲು ಶುಚಿ, ಆಮೇಲೆ ಬೇಕಿದ್ದರೆ ರಿಲೇ.

ನಿಮ್ಮ ಹಿಂದಿನ ಬಾಗಿಲನ್ನು ಈಗಾಗಲೇ ಬಿಚ್ಚಿದ್ದಾರೆ ಅಂದಿರಲ್ಲ, ಡೋರ್ ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆ ವಾಪಸ್ ಅಂಟಿಸಿದ್ದಾರೋ ನೋಡಿ. ತುಂಬಾ ಕಡೆ ಅದನ್ನು ಹರಿದು ಎಸೆದುಬಿಡುತ್ತಾರೆ. ಮಳೆನೀರು ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವುದು ಸಹಜ, ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗಬೇಕು. ಆ ಹಾಳೆ ಇಲ್ಲದಿದ್ದರೆ ನೀರು ಡೋರ್ ಪ್ಯಾಡಿಗೆ ಬಂದು ಹಲಗೆ ಉಬ್ಬುತ್ತದೆ, ಒಳಗಿನ ಕಾರ್ಪೆಟ್ ನೆನೆಯುತ್ತದೆ. ತಳದ ತೂತು ಮುಚ್ಚಿದ್ದರೆ ನೀರು ಬಾಗಿಲಲ್ಲೇ ನಿಂತು ತಗಡು, ಮಷೀನ್, ಮೋಟಾರ್ ಎಲ್ಲಕ್ಕೂ ತುಕ್ಕು. ಕರಾವಳಿ, ಮಲೆನಾಡಿನ ಕಡೆ ಹಳೆಯ ಕಾರು ಇಟ್ಟುಕೊಂಡವರು ಇದನ್ನು ಪ್ರತಿ ಮಳೆಗಾಲದ ಮುಂಚೆ ನೋಡಲೇಬೇಕು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಕೆಳ ಅಂಚು ಬಾಗಿಲ ಒಳಕ್ಕೆ ಇಳಿಬಿಟ್ಟು ಅಂಟಿಸಿ.

ಇದೇ ಕ್ರಮವನ್ನು ಹಳೆಯ ಟಾಟಾ ಸಿಯೆರಾ, ಟಾಟಾ ಎಸ್ಟೇಟ್ ಇಟ್ಟುಕೊಂಡವರೂ ಅನುಸರಿಸಬಹುದು. ಫ್ಯೂಸಿನ ಆಕಾರ, ಸ್ವಿಚ್ಚಿನ ಜಾಗ ಬೇರೆ ಇರುತ್ತದೆ, ಹುಡುಕುವ ದಾರಿ ಅದೇ. ಆದರೆ ಎಸ್ಟೇಟ್ ಇರುವವರ ಹಿಂದಿನ ಕಿಟಕಿ ಮುಂದಿನಿಂದ ಕೆಲಸ ಮಾಡಿ ಹಿಂದಿನ ಸ್ವಿಚ್ಚಿನಿಂದ ಪೂರ್ತಿ ಸತ್ತಿದ್ದರೆ, ಮೊದಲು ಲಾಕ್ ಸ್ವಿಚ್ ಇದ್ದರೆ ಅದು ಒತ್ತಿದೆಯೇ ನೋಡಲಿ.

ನೀವು ಈ ವಾರ ಹಿಂದಿನ ಎರಡು ಸ್ವಿಚ್ ಅದಲು ಬದಲು ಮಾಡಿ ನೋಡಿ. ಡ್ರೈವರ್ ಕಡೆ ಮೋಟಾರಿನ ಪಿನ್ನಿನಲ್ಲಿ ಗ್ಲಾಸ್ ಏರುವಾಗ ಎಷ್ಟು ವೋಲ್ಟ್, ಇಳಿಯುವಾಗ ಎಷ್ಟು, ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಎಷ್ಟು ಅನ್ನುವುದನ್ನು ಬರೆದು ಕಳಿಸಿ. ಆ ಮೂರು ಅಂಕಿ ಸಿಕ್ಕರೆ ಬೀಡಿಂಗ್ ತರಿಸಬೇಕೋ ವೈರ್ ಬದಲಿಸಬೇಕೋ ಹೇಳುತ್ತೇನೆ.